ನಾಯಿಯ ಮೇಲೆ ಗೂಬೆ ಕೂರಿಸಬೇಡಿ

ಸಾಕುನಾಯಿಯಿಂದ ಮಕ್ಕಳಿಗೆ ಹುಳು ಅಂಟುವುದೆಂಬ ಭಯ ಸುಳ್ಳಲ್ಲ. ಆದರೆ ಅಪಾಯವಿರುವುದು ಎಲ್ಲಿ? ನಾಯಿಯ ದುಂಡುಹುಳುವಿನ ಮೊಟ್ಟೆ ಮಲದೊಡನೆ ಬಿದ್ದ ಕೂಡಲೇ ಅಂಟದು. ಮಣ್ಣಿನಲ್ಲಿ 1ರಿಂದ 4 ವಾರ ಬಲಿತ ಮೇಲೆಯೇ ಅಂಟುವುದು. ಅಂದರೆ ನಾಯಿಯ ಮೈ ಸವರುವುದಕ್ಕಿಂತ ಗುಡಿಸದ ಓಣಿಯ ಮಣ್ಣೇ ಹೆಚ್ಚು ಅಪಾಯಕರ. ಕೊಕ್ಕೆಹುಳುವಿನ ಮರಿಯೂ ಅದೇ ಮಣ್ಣಿನಿಂದ ಬರಿಗಾಲಿನ ಚರ್ಮಕ್ಕೆ ಹೊಗುತ್ತದೆ.

ಯಕೃತ್ತಿನಲ್ಲಿ ನೀರುಗಡ್ಡೆ ಬೆಳೆಸುವ ಲಾಡಿಹುಳುವಿನ ಮಾತು ಬೇರೆ. ಅದರ ಮೊಟ್ಟೆ ಕೂಡಲೇ ಅಂಟಬಲ್ಲದು. ನಾಯಿಗೆ ಆ ಹುಳು ಬರುವುದು, ಹೂಳದೆ ಎಸೆದ ಕುರಿಯ ಹಸಿ ಯಕೃತ್ತು, ಶ್ವಾಸಕೋಶ ತಿಂದು.

ನಾಯಿಗೆ ಹುಳುವಿನ ಔಷಧಿ ಕುಡಿಸುವುದು, ಉಣ್ಣುವ ಮೊದಲು ಸಾಬೂನಿನಿಂದ ಕೈ ತೊಳೆಯುವುದು ನಮ್ಮ ಹೊಣೆ. ಓಣಿ ಗುಡಿಸುವುದು, ಕಸಾಯಿಖಾನೆಯ ತ್ಯಾಜ್ಯ ಹೂಳಿಸುವುದು ನಗರಸಭೆಯ ಹೊಣೆ. ಕಂದಾಯ ಕಟ್ಟುವ ನಾವು ಅದನ್ನು ಕೇಳಿಯೇ ಪಡೆಯಬೇಕು. ನಾಯಿಯನ್ನು ಬೀದಿಗಟ್ಟಿದರೆ ಹುಳುವೂ ಬೀದಿಗೇ ಬರುತ್ತದೆ.