ದಂಡದ ಮೊತ್ತ ಫಲಕದ ಮೇಲೇ ಇರಲಿ

ಮಂಗಳೂರಿನ ಹಂಪನಕಟ್ಟೆಯಲ್ಲಿ ಎಲ್ಲೆಂದರಲ್ಲಿ ವಾಹನ ನಿಲ್ಲಿಸಿ ಸಿಕ್ಕಿಬಿದ್ದವರು ಮೊದಲು ಕೇಳುವುದು ‘ಎಷ್ಟಾಯ್ತು ಸರ್?’, ಮರುಕ್ಷಣವೇ ‘ಸ್ವಲ್ಪ ಕಮ್ಮಿ ಮಾಡಿ ಸರ್’. ಕಾನೂನು ಹೀಗೆ ನಡುರಸ್ತೆಯಲ್ಲಿ ಚೌಕಾಸಿಗೆ ಬೀಳಬಾರದು. ಅಡ್ಡಗೆರೆ ಎಳೆದ ‘ಪಿ’ ಅಕ್ಷರದ ಫಲಕ ಇಲ್ಲಿ ನಿಲ್ಲಿಸಬೇಡಿ ಎನ್ನುತ್ತದೆಯೇ ಹೊರತು ನಿಲ್ಲಿಸಿದರೆ ಎಷ್ಟು ತೆರಬೇಕು ಎಂದು ಹೇಳುವುದಿಲ್ಲ. ಆ ಮೊತ್ತವನ್ನು ಅದೇ ಫಲಕದ ಕೆಳಗೆ ಕನ್ನಡದಲ್ಲಿ, ದಪ್ಪ ಅಂಕಿಗಳಲ್ಲಿ ಬರೆಯಲೇಬೇಕು.

ಮೊತ್ತ ತಿಳಿಯದಿರುವುದು ಜನರ ತಪ್ಪಲ್ಲ. ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯ ಹೊಸ ದಂಡಗಳು 2019ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದವು. ಹೆಲ್ಮೆಟ್ ಇಲ್ಲದ ಸವಾರಿಗೆ ಕೇಂದ್ರ ಗೊತ್ತುಮಾಡಿದ್ದು 1,000 ರೂಪಾಯಿ. ಅದೇ ತಿಂಗಳು ಕರ್ನಾಟಕ ಅದನ್ನು 500ಕ್ಕೆ ಇಳಿಸಿತು. 210ಎ ಸೆಕ್ಷನ್ ಪ್ರಕಾರ ರಾಜ್ಯ ಸರ್ಕಾರ ದಂಡವನ್ನು ಹತ್ತು ಪಟ್ಟಿನವರೆಗೂ ಏರಿಸಬಹುದು. ವೆನ್ಲಾಕ್ ಆಸ್ಪತ್ರೆಗೆ ರೋಗಿಯನ್ನು ಕರೆತಂದವರು ಈ ಏರಿಳಿತಗಳನ್ನೆಲ್ಲ ಗೆಜೆಟ್‌ನಲ್ಲಿ ಓದಿಕೊಂಡೇ ಬರಬೇಕೆ?

ಮೊತ್ತ ಬಹಿರಂಗವಾದರೆ ಭಯ ಹೋಗುತ್ತದೆ, ದುಡ್ಡಿದ್ದವರು ಅದನ್ನು ಪಾರ್ಕಿಂಗ್ ಶುಲ್ಕವೆಂದೇ ಬಗೆದು ಕಟ್ಟಿ ಹೋಗುತ್ತಾರೆ ಎಂಬ ಆಕ್ಷೇಪವಿದೆ. ಅದಕ್ಕೆ ಆಧಾರವೂ ಇದೆ. ಇಸ್ರೇಲಿನ ಹೈಫಾದ ಶಿಶುವಿಹಾರಗಳಲ್ಲಿ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ 10 ಶೆಕೆಲ್ ದಂಡ ಹಾಕಿದಾಗ ತಡ ಮಾಡುವವರು ಹೆಚ್ಚಾದರು ಎಂದು 2000ದಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದರೆ ಅಲ್ಲಿನ ದಂಡ ತೀರಾ ಸಣ್ಣದು, ಎಷ್ಟು ಸಲ ತಡ ಮಾಡಿದರೂ ಅಷ್ಟೇ. ಮೊತ್ತವನ್ನು ಮುಚ್ಚಿಡುವುದು ಅದಕ್ಕೆ ಮದ್ದಲ್ಲ, ಮರುಕಳಿಸಿದ ತಪ್ಪಿಗೆ ಬಿಸಿ ಮುಟ್ಟಿಸುವುದೇ ಮದ್ದು. ನಮ್ಮ ಕಾಯ್ದೆಯ 177ನೇ ಸೆಕ್ಷನ್‌ನಲ್ಲಿ ಈ ಏಣಿ ಈಗಾಗಲೇ ಇದೆ: ಮೊದಲ ಸಲ 500, ಮತ್ತೆ ಮಾಡಿದರೆ 1,500 ರೂಪಾಯಿವರೆಗೆ. ಈ ಎರಡು ಅಂಕಿಗಳೂ ಫಲಕದಲ್ಲಿ ಕಾಣಲಿ. ‘ವರೆಗೆ’ ಎಂಬಲ್ಲಿ ಉಳಿಯುವ ಸಂದಿಯನ್ನು ರಾಜ್ಯದ ಅಧಿಸೂಚನೆ ಮುಚ್ಚಲಿ.

ಶಿಕ್ಷೆಯ ಕ್ರೌರ್ಯಕ್ಕಿಂತ ಅದು ತಪ್ಪದು ಎಂಬ ಖಾತ್ರಿಯೇ ಅಪರಾಧವನ್ನು ತಡೆಯುತ್ತದೆ ಎಂದು ಇಟಲಿಯ ಚಿಂತಕ ಬೆಕಾರಿಯಾ 1764ರಲ್ಲೇ ವಾದಿಸಿದ್ದ. ನಮ್ಮ ಸರ್ಕಾರ ಆ ಖಾತ್ರಿಯನ್ನೇ ಕಳೆಯುತ್ತಿದೆ. 2023ರ ಫೆಬ್ರುವರಿಯಲ್ಲಿ ಬಾಕಿ ಸಂಚಾರ ದಂಡಕ್ಕೆ ಶೇ 50 ರಿಯಾಯಿತಿ ಕೊಟ್ಟಿತು, 2025ರಲ್ಲಿ ಮತ್ತೆ ಕೊಟ್ಟಿತು. ಸಕಾಲದಲ್ಲಿ ಕಟ್ಟಿದವರು ಪೂರ್ತಿ ತೆತ್ತರು, ಕಟ್ಟದೆ ಕುಳಿತವರು ಅರ್ಧ ಉಳಿಸಿಕೊಂಡರು. ಬಹಿರಂಗವಾಗಿ ಬರೆದ ಮೊತ್ತ ಸವಾರನಷ್ಟೇ ಸರ್ಕಾರವನ್ನೂ ಕಟ್ಟಿಹಾಕಬೇಕು.

ಪೊಲೀಸರನ್ನೂ ಕಟ್ಟಿಹಾಕಬೇಕು. ಕಾಯ್ದೆ ಜಾರಿ ಮಾಡುವವರೇ ತಪ್ಪೆಸಗಿದರೆ ದಂಡ ಎರಡು ಪಟ್ಟು ಎನ್ನುತ್ತದೆ 210ಬಿ ಸೆಕ್ಷನ್. ಅದೂ ಫಲಕದಲ್ಲಿರಲಿ, ಆಗ ಜನರಿಗೆ ಕಾನೂನಿನ ಮೇಲೆ ನಂಬಿಕೆ ಹುಟ್ಟುತ್ತದೆ.

ಪೊಲೀಸ್ ಕಮಿಷನರೇಟ್ ಮತ್ತು ಮಹಾನಗರ ಪಾಲಿಕೆ ಈ ಕೆಲಸವನ್ನು ಹಂಪನಕಟ್ಟೆಯಿಂದಲೇ ಶುರುಮಾಡಲಿ. ಇದಕ್ಕೆ ಹೊಸ ಕಾನೂನು ಬೇಕಿಲ್ಲ, ಬಣ್ಣ ಮತ್ತು ಕುಂಚ ಸಾಕು.