ಅವಧಿ ಮೀರಿದ ದೋಣಿಗೆ ಬೇಕಾದದ್ದು ದಂಡವೋ, ತಪಾಸಣೆಯೋ?

ಕಡೂರು: ತೆಂಗು ಮತ್ತು ಬರಗಾಲ ಎರಡಕ್ಕೂ ಹೆಸರಾದ ಈ ತಾಲ್ಲೂಕಿನಲ್ಲಿ ನಿಂತು ದೋಣಿಯ ನೋಂದಣಿ, ಅದರ ವಿಳಂಬ ಶುಲ್ಕ ಎಂದರೆ ಕೇಳಿದವರು ನಕ್ಕಾರು. ಆದರೆ ಬಾಬಾಬುಡನ್‌ಗಿರಿ ಶ್ರೇಣಿಯಿಂದ ಇಳಿಯುವ ವೇದಾ ಮತ್ತು ಅವತಿ ಹೊಳೆಗಳು ಕಡೂರಿನ ಬಳಿ ಕೂಡಿ ವೇದಾವತಿಯಾಗುವ ಮುನ್ನ ಸಖರಾಯಪಟ್ಟಣದ ಅಯ್ಯನಕೆರೆ ಮತ್ತು ಮದಗದಕೆರೆಗಳನ್ನು ತುಂಬುತ್ತವೆ. ಪಕ್ಕದ ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿ 71.5 ಟಿಎಂಸಿ ಅಡಿ ಸಾಮರ್ಥ್ಯದ ಭದ್ರಾ ಜಲಾಶಯವಿದೆ. ಅದರ ಹಿನ್ನೀರಿನಲ್ಲಿ ಮೀನುಗಾರರ ತೆಪ್ಪಗಳೂ ಇವೆ, ಪ್ರವಾಸಿಗರನ್ನು ಕೂರಿಸಿಕೊಂಡು ಹೋಗುವ ಯಂತ್ರದ ದೋಣಿಗಳೂ ಇವೆ. ನೀರು ಇರುವಲ್ಲಿ ದೋಣಿ, ದೋಣಿ ಇರುವಲ್ಲಿ ಕಾನೂನು.

ಆ ಕಾನೂನು ಈಗ ಹೊಸದು. ಬ್ರಿಟಿಷರ ಕಾಲದ 1917ರ ಕಾಯ್ದೆಯ ಜಾಗಕ್ಕೆ ಸಂಸತ್ತು 2021ರಲ್ಲಿ ಒಳನಾಡು ನೌಕಾ ಕಾಯ್ದೆಯನ್ನು ತಂದಿತು. ಮರುವರ್ಷ ಅದು ಜಾರಿಗೆ ಬಂತು. ಇದರ ಪ್ರಕಾರ ಯಂತ್ರಚಾಲಿತ ನೌಕೆಗೆ ಮೊದಲು ತಪಾಸಣೆ, ಆಮೇಲೆ ನೋಂದಣಿ. ಎರಡೂ ಚಾಲ್ತಿಯಲ್ಲಿಲ್ಲದಿದ್ದರೆ ದೋಣಿ ನೀರಿಗಿಳಿಯುವಂತಿಲ್ಲ. ಇಳಿದರೆ ಅದು ಅಪರಾಧ. ಹುಟ್ಟು ಹಾಕಿ ನಡೆಸುವ ತೆಪ್ಪ, ಹರಿಗೋಲುಗಳನ್ನು ಜಿಲ್ಲೆ, ತಾಲ್ಲೂಕು, ಗ್ರಾಮ ಮಟ್ಟದಲ್ಲಿಯೇ ದಾಖಲಿಸಬಹುದೆಂಬ ವ್ಯವಸ್ಥೆಯೂ ಇದೆ. ಶುಲ್ಕ ನಿಗದಿ ಮತ್ತು ಜಾರಿಯ ಹೊಣೆಯ ಬಹುಪಾಲು ರಾಜ್ಯದ್ದು.

ಇಲ್ಲಿಯೇ ಎಚ್ಚರ ವಹಿಸಬೇಕಾದದ್ದು. ದಂಡ ಮತ್ತು ವಿಳಂಬ ಶುಲ್ಕ ಒಂದೇ ಅಲ್ಲ. ದಂಡವು ಕಾನೂನು ಮೀರಿದ್ದಕ್ಕೆ. ವಿಳಂಬ ಶುಲ್ಕವು ಕಾಗದವನ್ನು ತಡವಾಗಿ ತಂದದ್ದಕ್ಕೆ. ಮೊದಲನೆಯದು ನೀರಿನ ಮೇಲೆ ನಡೆದದ್ದನ್ನು ನೋಡುತ್ತದೆ, ಎರಡನೆಯದು ಕ್ಯಾಲೆಂಡರನ್ನು ಮಾತ್ರ.

ಕ್ಯಾಲೆಂಡರ್ ನೋಡುವ ಪದ್ಧತಿಯ ಫಲವೇನೆಂದು ತಿಳಿಯಲು ಕೆರೆಗೆ ಹೋಗಬೇಕಿಲ್ಲ, ರಸ್ತೆಯಲ್ಲಿಯೇ ಉದಾಹರಣೆ ಇದೆ. ಕೇಂದ್ರ ಸರ್ಕಾರದ 2021ರ ಅಕ್ಟೋಬರ್ ಅಧಿಸೂಚನೆಯಂತೆ, 2022ರ ಏಪ್ರಿಲ್ 1ರಿಂದ 15 ವರ್ಷ ದಾಟಿದ ಬೈಕಿನ ನೋಂದಣಿ ನವೀಕರಣ ಶುಲ್ಕ 300 ರೂಪಾಯಿಯಿಂದ 1,000ಕ್ಕೆ, ಕಾರಿನದು 600ರಿಂದ 5,000ಕ್ಕೆ ಏರಿತು. ತಡವಾದರೆ ಬೈಕಿಗೆ ತಿಂಗಳಿಗೆ 300, ಕಾರಿಗೆ 500 ರೂಪಾಯಿ ಹೆಚ್ಚುವರಿ. ವಾಣಿಜ್ಯ ವಾಹನದ ಎಫ್‌ಸಿ ತಪ್ಪಿದರೆ ದಿನಕ್ಕೆ 50 ರೂಪಾಯಿ. ಕೆಎ 66 ಸಂಖ್ಯೆಯ ಹಳೆಯ ಬೈಕೊಂದರ ಮಾಲೀಕ ಎರಡು ವರ್ಷ ಮರೆತನೆನ್ನಿ. ವಿಳಂಬದ ಬಾಬ್ತು ಒಂದೇ 7,200 ರೂಪಾಯಿ. ಎಷ್ಟೋ ಹಳೆಯ ಬೈಕುಗಳಿಗೆ ಗುಜರಿಯಲ್ಲಿ ಅಷ್ಟು ಬೆಲೆ ಸಿಗದು. ಅವನು ಕಚೇರಿಯ ಕಡೆ ಮುಖ ಹಾಕುವುದಿಲ್ಲ, ತೋಟದ ದಾರಿಯಲ್ಲಿ ಗಾಡಿ ಓಡಿಸಿಕೊಂಡಿರುತ್ತಾನೆ. ತಡವಾದಷ್ಟೂ ಬಾಕಿ ಬೆಳೆಯುತ್ತದೆ, ಬಾಕಿ ಬೆಳೆದಷ್ಟೂ ಮತ್ತೆ ತಡವಾಗುತ್ತದೆ. ಇಂತಹ ಹೆಚ್ಚುವರಿ ಶುಲ್ಕ ದಂಡದ ಸ್ವರೂಪದ್ದು, ಅದಕ್ಕೆ ಕಾಯ್ದೆಯ ಆಧಾರವಿಲ್ಲ ಎಂದು ಮದ್ರಾಸ್ ಹೈಕೋರ್ಟ್ 2017ರಲ್ಲಿ ಹೇಳಿದ್ದೂ ಉಂಟು. ಆದರೂ 2021ರ ಅಧಿಸೂಚನೆಯಲ್ಲಿ ಅದೇ ಜಾಡು ಮುಂದುವರಿಯಿತು.

ರಸ್ತೆಯ ಈ ಲೆಕ್ಕವನ್ನು ನೀರಿಗೆ ತಂದರೆ ಅಪಾಯ ಹೆಚ್ಚು. ಅವಧಿ ಮೀರಿದ ಬೈಕಿನಲ್ಲಿ ಕೂರುವವರು ಇಬ್ಬರು. ದೋಣಿಯಲ್ಲಿ ಇಪ್ಪತ್ತು ಮಂದಿ. 2019ರ ಜನವರಿ 21ರಂದು ಕಾರವಾರದ ಕೂರ್ಮಗಡ ಜಾತ್ರೆಯಿಂದ ಮರಳುತ್ತಿದ್ದ ದೋಣಿ ಮಗುಚಿ 16 ಮಂದಿ ಸತ್ತರು. 2023ರ ಮೇ 7ರಂದು ಕೇರಳದ ತಾನೂರಿನಲ್ಲಿ 22 ಜೀವಗಳನ್ನು ಬಲಿ ಪಡೆದದ್ದು, ಮೀನುಗಾರಿಕೆಯಿಂದ ಪ್ರವಾಸಕ್ಕೆ ಮಾರ್ಪಡಿಸಿದ ದೋಣಿ. 2024ರ ಜನವರಿಯಲ್ಲಿ ವಡೋದರದ ಹರ್ಣಿ ಕೆರೆಯಲ್ಲಿ 12 ಶಾಲಾ ಮಕ್ಕಳು, ಇಬ್ಬರು ಶಿಕ್ಷಕಿಯರು ಮುಳುಗಿದರು. ಹರ್ಣಿ ಸಮುದ್ರವಲ್ಲ, ಮಹಾನದಿಯಲ್ಲ, ನಗರದೊಳಗಿನ ಕೆರೆ. ಕೆರೆ ನೀರು ಎಂದು ಹಗುರವಾಗಿ ಕಾಣುವವರು ಇದನ್ನು ನೆನೆಯಬೇಕು. ಮಿತಿ ಮೀರಿದ ಜನ, ಸಾಲದ ಜೀವರಕ್ಷಕ ಜಾಕೆಟ್, ದೋಣಿಯ ದೃಢತೆ, ಇವನ್ನು ತಪಾಸಣೆ ಹಿಡಿಯಬಲ್ಲದೇ ಹೊರತು ರಶೀದಿ ಹಿಡಿಯಲಾರದು.

ಕರಾವಳಿಯಲ್ಲಿ ಇದಕ್ಕೆ ಬೇರೆಯೇ ಉಪಾಯವಿದೆ. ಯಾಂತ್ರೀಕೃತ ಮೀನುಗಾರಿಕೆ ದೋಣಿಗಳಿಗೆ ರಾಜ್ಯ ಸರ್ಕಾರ ಕರರಹಿತ ಡೀಸೆಲ್ ಕೊಡುತ್ತದೆ. ಅದು ಸಿಗುವುದು ದಾಖಲೆ ಸರಿಯಿದ್ದ ದೋಣಿಗೆ ಮಾತ್ರ. ಮಲ್ಪೆ, ಮಂಗಳೂರಿನ ಮಾಲೀಕರು ಕಾಗದಗಳನ್ನು ಜೋಪಾನ ಮಾಡುವುದಕ್ಕೆ ದಂಡದ ಭಯಕ್ಕಿಂತ ಡೀಸೆಲ್‌ನ ಆಸೆಯೇ ಕಾರಣ ಎಂದರೆ ತಪ್ಪಾಗದು. ಅಯ್ಯನಕೆರೆಯ ತೆಪ್ಪಕ್ಕೆ ಡೀಸೆಲ್ ಬೇಡ. ಆದರೆ ಪ್ರಧಾನಮಂತ್ರಿ ಮತ್ಸ್ಯ ಸಂಪದ ಯೋಜನೆಯ ಅಪಘಾತ ವಿಮೆಯಲ್ಲಿ ಒಳನಾಡು ಮೀನುಗಾರರಿಗೂ ಪಾಲಿದೆ, ಮೃತಪಟ್ಟರೆ ಕುಟುಂಬಕ್ಕೆ 5 ಲಕ್ಷ ರೂಪಾಯಿ. ತೆಪ್ಪದ ದಾಖಲಾತಿಯನ್ನು ಗ್ರಾಮ ಪಂಚಾಯಿತಿಯಲ್ಲಿ ಶುಲ್ಕವಿಲ್ಲದೆ ಮಾಡಿ, ಅದೇ ದಿನ ಈ ವಿಮೆಗೂ ಹೆಸರು ಬರೆಸಿಕೊಂಡರೆ ತಡಮಾಡುವವರು ಯಾರು? ದಿನದ ಮೀನು ಮಾರಿ ಬದುಕುವವನಿಗೆ ತಿಂಗಳ ಲೆಕ್ಕದಲ್ಲಿ ವಿಳಂಬ ಶುಲ್ಕ ಹಾಕುವುದು ಅವನನ್ನು ಪಟ್ಟಿಯಿಂದ ಹೊರಗಿಡುವ ಖಚಿತ ದಾರಿ.

ಪ್ರವಾಸಿ ದೋಣಿಯ ವಿಷಯದಲ್ಲಿ ಮಾತ್ರ ರಿಯಾಯಿತಿ ಸಲ್ಲದು. ಅಲ್ಲಿ ವಿಳಂಬ ಶುಲ್ಕವೇ ಸಡಿಲ ಕ್ರಮ. ತಿಂಗಳಿಗೆ ಇಷ್ಟು ಎಂದು ಕಟ್ಟಿದರೆ ಸಾಕೆಂದಾದರೆ, ಒಂದು ಭಾನುವಾರದ ಟಿಕೆಟ್ ಹಣದಲ್ಲಿ ಅದು ತೀರಿಹೋದೀತು. ತಪಾಸಣೆಯ ಅವಧಿ ಮುಗಿದ ದಿನವೇ ದೋಣಿಯನ್ನು ದಡಕ್ಕೆ ಕಟ್ಟಬೇಕು, ತಪಾಸಕ ಬಂದು ನೋಡುವವರೆಗೆ ಬಿಚ್ಚಬಾರದು. ಹಾಗೆಂದು ತಪಾಸಕನೇ ಬಾರದಿದ್ದರೆ ತಪ್ಪು ಮಾಲೀಕನದಲ್ಲ. ವಾಹನಕ್ಕಾದರೆ ತರೀಕೆರೆಯಲ್ಲಿಯೇ ಸಾರಿಗೆ ಕಚೇರಿ ಇದೆ. ದೋಣಿಗೆ ಸಂಬಂಧಿಸಿದ ಬಂದರು ಮತ್ತು ಒಳನಾಡು ಜಲಸಾರಿಗೆ ಇಲಾಖೆಯ ಕೇಂದ್ರ ಕಚೇರಿ ಇರುವುದು ಘಟ್ಟ ಇಳಿದು ಹೋಗಬೇಕಾದ ಕಾರವಾರದಲ್ಲಿ. ಹೆಸರಿನಲ್ಲಿ ಒಳನಾಡು ಇದ್ದರೂ ಇಲಾಖೆಯ ಮುಖ ಸಮುದ್ರದ ಕಡೆಗೇ. ವರ್ಷಕ್ಕೊಮ್ಮೆ, ಮಳೆಗಾಲ ಮುಗಿದು ಭದ್ರಾ ಹಿನ್ನೀರಿಗೆ ಪ್ರವಾಸಿಗರು ಬರತೊಡಗುವ ಮುನ್ನ, ತಪಾಸಕರೇ ಲಕ್ಕವಳ್ಳಿಗೆ ಬಂದು ಒಂದೆರಡು ದಿನ ಕುಳಿತು ಕೆಲಸ ಮುಗಿಸಬಹುದು. ನೋಂದಣಿ ಸಂಖ್ಯೆ, ಕೂರಬಹುದಾದ ಜನರ ಸಂಖ್ಯೆ ಮತ್ತು ತಪಾಸಣೆ ಮುಗಿಯುವ ದಿನಾಂಕ, ಈ ಮೂರನ್ನು ದೋಣಿಯ ಬದಿಯಲ್ಲಿ ದಪ್ಪ ಕನ್ನಡ ಅಕ್ಷರ, ಅಂಕಿಗಳಲ್ಲಿ ಬರೆಸಿದರೆ, ಹತ್ತುವ ಮೊದಲು ಪ್ರಯಾಣಿಕನೇ ಓದಿಕೊಳ್ಳುತ್ತಾನೆ.