ನೋಟಕ್ಕೂ ಒಂದು ವ್ಯಾಕರಣ

ಸಂಧಿ ಸಮಾಸಗಳನ್ನು ಕಲಿಸಿದ ನಮ್ಮ ಶಾಲೆ ಇನ್ನು ಚಲನಚಿತ್ರದ ವ್ಯಾಕರಣವನ್ನೂ ಕಲಿಸಬೇಕೆಂಬುದು ಹಳೆಯ ವಿದ್ಯಾರ್ಥಿಯಾದ ನನ್ನ ವಿನಮ್ರ ಅಭಿಪ್ರಾಯ. ಇಂದು ಮನೆಮನೆಯ ಮೊಬೈಲಿನಲ್ಲಿ ಕ್ಯಾಮೆರಾ ಇದೆ. ಅದನ್ನು ಬಳಸುವ ವಿವೇಕ ತಾನಾಗಿ ಬರುವಂಥದಲ್ಲ.

ಮೂಲಪಾಠಗಳೇನೂ ಕಠಿಣವಲ್ಲ. ದೂರದ ಚಿತ್ರಿಕೆ ವ್ಯಕ್ತಿಯನ್ನು ಅವನ ಪರಿಸರದೊಳಗಿರಿಸಿ ತೋರಿಸುತ್ತದೆ. ಸಮೀಪ ಚಿತ್ರಿಕೆ ಮುಖದ ಭಾವವನ್ನು ಹಿಡಿಯುತ್ತದೆ. ಚಿತ್ರಿಕೆಗಳ ಜೋಡಣೆಯೂ ಅರ್ಥವನ್ನು ಹುಟ್ಟಿಸುತ್ತದೆ. ರಷ್ಯದ ಕುಲೆಶೊವ್ ನಟನೊಬ್ಬನ ಒಂದೇ ಮುಖವನ್ನು ಒಮ್ಮೆ ಸೂಪಿನ ತಟ್ಟೆಯೊಡನೆ, ಇನ್ನೊಮ್ಮೆ ಶವಪೆಟ್ಟಿಗೆಯೊಡನೆ ಜೋಡಿಸಿದಾಗ ಪ್ರೇಕ್ಷಕರು ಅದೇ ಮುಖದಲ್ಲಿ ಮೊದಲು ಹಸಿವನ್ನೂ ಬಳಿಕ ದುಃಖವನ್ನೂ ಕಂಡರಂತೆ. ಇದನ್ನರಿತ ಮಗು ಕತ್ತರಿಸಿ ಜೋಡಿಸಿದ ಸುಳ್ಳಿಗೆ ಸುಲಭವಾಗಿ ಮೋಸಹೋಗದು.

ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’ (1977) ಯಮುನೆಯ ದುರಂತವನ್ನು ಬಾಲಕ ನಾಣಿಯ ಕಣ್ಣಿನಿಂದ ಕಾಣಿಸುತ್ತದೆ. ಯಾರ ಕಣ್ಣಿನಿಂದ ನೋಡಬೇಕೆಂಬ ಆಯ್ಕೆಯಲ್ಲಿಯೇ ಅದರ ನಿಲುವು ಅಡಗಿದೆ.

ಈ ಆಯ್ಕೆ ಗಡಿನಾಡಿಗರಾದ ನಮಗೆ ಬಹುಮುಖ್ಯ. 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ ಬಳಿಕ ಹಿರಿಯರು ಶಾಲೆಗಳ ಮೂಲಕ ಕನ್ನಡವನ್ನು ಕಾಪಾಡಿದರು. ಪಾರ್ತಿಸುಬ್ಬನ ಈ ನಾಡಿನ ಆಟದ ಚೌಕಿಯನ್ನೂ, ಅಡಕೆ ತೋಟದ ದುಡಿಮೆಯನ್ನೂ, ಅಜ್ಜಿಯರ ಮಾತನ್ನೂ ನಮ್ಮ ಮಕ್ಕಳೇ ದಾಖಲಿಸದಿದ್ದರೆ, ಅನ್ಯರು ತೆಗೆದ ಚಿತ್ರಗಳಲ್ಲಿ ನಾವು ಬರಿಯ ಹಿನ್ನೆಲೆಯಾಗಿ ಉಳಿದೇವು.

ಇದು ಪಾಠಕ್ಕೆ ಅಡ್ಡಿಯೆಂದು ಕೆಲವು ಹೆತ್ತವರು ಶಂಕಿಸಬಹುದು. ಆದರೆ ಚಿತ್ರೀಕರಣಕ್ಕೆ ಮೊದಲು ಪ್ರತಿ ಚಿತ್ರಿಕೆಯನ್ನೂ ಕನ್ನಡದಲ್ಲಿ ಬರೆಯಲೇಬೇಕೆಂದು ನಿಯಮ ಮಾಡಿದರೆ ಅದೇ ಉತ್ತಮ ಪ್ರಬಂಧಾಭ್ಯಾಸ. ವಾರಕ್ಕೊಂದು ಅವಧಿ ಸಾಕು. ಆಡಳಿತ ಮಂಡಳಿಯೂ ಹಳೆಯ ವಿದ್ಯಾರ್ಥಿಗಳೂ ಮನಸ್ಸು ಮಾಡಿದರೆ ಈ ಸುವರ್ಣ ವರ್ಷದಲ್ಲಿಯೇ ಇದಕ್ಕೆ ಶ್ರೀಕಾರ ಹಾಕಬಹುದು.